ಊದಿದ ಬೆರಳು, ಬಿಗಿದ ಉಂಗುರ



ಭಾನುವಾರದ ಬಲಿಪೂಜೆಗೆ ಮಾತ್ರ ಬರುವವರ ಕಿವಿಗೆ ಎಂದೂ ಬೀಳದ ಒಂದು ಶುಭಸಂದೇಶದ ಭಾಗವಿದೆ. ಸಂತ ಲೂಕರು ಬರೆದ ಶುಭಸಂದೇಶದ 14ನೇ ಅಧ್ಯಾಯದ ಆರಂಭ ಅದು. ಮೂರು ವರ್ಷಕ್ಕೊಮ್ಮೆ ಸಾಧಾರಣ ಕಾಲದ 22ನೇ ಭಾನುವಾರ ಈ ಅಧ್ಯಾಯವನ್ನು ಓದುತ್ತೇವೆ. ಆದರೆ ಅಂದು ಮೊದಲನೆಯ ವಚನ ಓದಿದವರು ನೇರವಾಗಿ ಏಳನೆಯ ವಚನಕ್ಕೆ ಹೋಗುತ್ತೇವೆ. ನಡುವೆ ಬಿಟ್ಟ ಐದು ವಚನಗಳಲ್ಲಿ ಒಬ್ಬ ರೋಗಿ ನಿಂತಿದ್ದಾನೆ. ಅವನನ್ನು ನೋಡಬೇಕಾದರೆ 30ನೇ ವಾರದ ಶುಕ್ರವಾರ ಬೆಳಿಗ್ಗೆ ಪೂಜೆಗೆ ಬರಬೇಕು. ಆ ಹೊತ್ತಿನಲ್ಲಿ ನಿಮ್ಮಲ್ಲಿ ಅರ್ಧ ಜನ ಹಾಲಿನ ಕ್ಯಾನು ಹಿಡಿದು ಡೈರಿಯ ಮುಂದೆ ನಿಂತಿರುತ್ತೀರಿ. ಅದು ತಪ್ಪೇನಲ್ಲ. ಆದ್ದರಿಂದಲೇ ಆ ರೋಗಿಯನ್ನು ಈ ಪತ್ರಿಕೆಯ ಮೂಲಕ ನಿಮ್ಮ ಮನೆಗೆ ಕರೆತಂದಿದ್ದೇನೆ.

ಅವನಿಗೆ ಜಲೋದರ. ಮೈಯಲ್ಲಿ ನೀರು ತುಂಬಿ ಊದಿಕೊಳ್ಳುವ ಕಾಯಿಲೆ. ಹೊಸ ಒಡಂಬಡಿಕೆಯಲ್ಲಿ ಈ ಕಾಯಿಲೆಯ ಹೆಸರು ಇದೊಂದೇ ಕಡೆ ಬರುತ್ತದೆ. ಬರೆದವರು ಲೂಕರು, ಅಂದರೆ ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಸಂತ ಪೌಲರು ವೈದ್ಯರೆಂದು ಕರೆದವರು. ಅಂದು ಸಬ್ಬತ್‌ದಿನ. ಫರಿಸಾಯರ ಮುಖಂಡನೊಬ್ಬನ ಮನೆಯಲ್ಲಿ ಊಟ. ಎಲ್ಲರ ಕಣ್ಣೂ ಯೇಸುಸ್ವಾಮಿಯ ಮೇಲೆ. ಎದುರಿಗೆ ಮೈಯೆಲ್ಲ ಊದಿಕೊಂಡ ಮನುಷ್ಯ. ಸಬ್ಬತ್‌ದಿನ ಗುಣಪಡಿಸುವುದು ಸರಿಯೋ ಅಲ್ಲವೋ ಎಂದು ಯೇಸು ಕೇಳುತ್ತಾರೆ. ಯಾರೂ ಬಾಯಿ ಬಿಡುವುದಿಲ್ಲ. ಯೇಸು ಅವನನ್ನು ಹಿಡಿದುಕೊಂಡು ಗುಣಪಡಿಸಿ ಕಳುಹಿಸಿಬಿಡುತ್ತಾರೆ. ಆಮೇಲೆ ಇನ್ನೊಂದು ಪ್ರಶ್ನೆ: ನಿಮ್ಮ ಮಗನೋ ಎತ್ತೋ ಬಾವಿಗೆ ಬಿದ್ದರೆ ಸಬ್ಬತ್‌ದಿನವೆಂದು ಸುಮ್ಮನೆ ಕೂರುತ್ತೀರಾ? ಅದಕ್ಕೂ ಉತ್ತರವಿಲ್ಲ.

ಈ ಭಾಗವನ್ನು ಓದುವಾಗಲೆಲ್ಲ ನನಗೆ ನಮ್ಮ ಧರ್ಮಕೇಂದ್ರದ ಕೆಲವರ ಕೈಗಳು ನೆನಪಾಗುತ್ತವೆ. ಊದಿದ ಬೆರಳು, ಆ ಬೆರಳಿನಲ್ಲಿ ಮದುವೆಯ ದಿನ ಹಾಕಿದ ಉಂಗುರ, ಸುತ್ತ ನಿಂತು ಬಾಯಿ ಬಿಡದ ಮನೆಯವರು. ತೆಗೆಯಬೇಕು ಎಂದು ಎಲ್ಲರಿಗೂ ಗೊತ್ತು. ಕತ್ತರಿಸಿ ಎಂದು ಹೇಳಲು ಮಾತ್ರ ಯಾರಿಗೂ ಧೈರ್ಯವಿಲ್ಲ.

ನಮ್ಮ ಕಡೆಯ ಒಬ್ಬ ಅಜ್ಜಿಯ ವಿಷಯ ಹೇಳುತ್ತೇನೆ. ಹೆಸರು ಬೇಡ. ಜೋಳದ ಹೊಲದಲ್ಲಿ ಕಣಜ ಕಡಿಯಿತು, ಸರಿಯಾಗಿ ಉಂಗುರದ ಬೆರಳಿನ ಬುಡಕ್ಕೆ. ಮೊದಲ ದಿನ ಸುಣ್ಣ ಹಚ್ಚಿದರು, ಎರಡನೆಯ ದಿನ ಅರಿಸಿನ. ಅರಿಸಿನ ಬೆಳೆಯುವ ನಾಡಿನವರು ನಾವು, ಎಲ್ಲಕ್ಕೂ ಅದೇ ಮದ್ದು. ಎರಡನೆಯ ಸಂಜೆಯ ಹೊತ್ತಿಗೆ ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಉಂಗುರ ಮಾಂಸದೊಳಗೆ ಹೂತುಹೋಗಿ ಚಿನ್ನದ ಒಂದು ಗೆರೆ ಮಾತ್ರ ಕಾಣುತ್ತಿತ್ತು. ಮಕ್ಕಳು ನನ್ನನ್ನು ಕರೆಸಿದರು, ನಾನು ಹೇಳಿದರೆ ಕೇಳುತ್ತಾರೆ ಎಂದು. ಅಜ್ಜಿ ಕೇಳಲಿಲ್ಲ. "ಬುಡಿ ಸ್ವಾಮಿ. ಅವ್ರು ಹಾಕಿದ್ದು. ಅವ್ರು ಹೋಗಿ ಹದಿನೆಂಟು ವರ್ಸ ಆಯ್ತು, ಇದ್ ಒಂದ್ ಇತ್ತು. ನನ್ ಮಣ್ಗೆ ಹಾಕೋವಾಗ ತೆಗುದ್ಬುಡಿ" ಅಂದರು.

ಈ ಮಾತಿಗೆ ಧರ್ಮಶಾಸ್ತ್ರದಲ್ಲಿ ಸಿದ್ಧ ಉತ್ತರವಿಲ್ಲ, ಇರಬೇಕಾಗಿಯೂ ಇಲ್ಲ. ಹದಿನೆಂಟು ವರ್ಷ ಒಂಟಿಯಾಗಿ ಕಳೆದ ಹೆಂಗಸಿಗೆ ಅದು ಕೇವಲ ಒಂದು ಗುರುತು ಎಂದು ಬುದ್ಧಿ ಹೇಳುವುದು ಸುಲಭ. ಹೇಳಿದವರಿಗೆ ಸುಲಭ, ಅಷ್ಟೇ. ನನ್ನ ಜೊತೆ ಬಂದಿದ್ದ ಔಷಧಾಲಯದ ಸಿಸ್ಟರ್ ಬುದ್ಧಿ ಹೇಳಲು ಹೋಗಲಿಲ್ಲ. ಅಜ್ಜಿಯ ಕೈ ಎತ್ತಿ ತಮ್ಮ ಭುಜದ ಮೇಲೆ ಇಟ್ಟುಕೊಂಡು, "ಅಜ್ಜಿ, ತಾತ ಉಂಗುರ ಮಾತ್ರ ಹಿಡ್ಕೊಂಡಿದ್ರೋ, ಬೆರಳು ಹಿಡ್ಕೊಂಡಿದ್ರೋ?" ಎಂದು ಕೇಳಿದರು. ಅಜ್ಜಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಅವರು ಹಾಕಿದ ಷರತ್ತು ಒಂದೇ: ಕತ್ತರಿಸಿದ ಚೂರು ಒಂದೂ ಆಸ್ಪತ್ರೆಯಲ್ಲಿ ಉಳಿಯಕೂಡದು, ಎಲ್ಲ ತಮ್ಮ ಕೈಗೇ ಕೊಡಬೇಕು. ಕೊಟ್ಟರು. ಈಗ ಆ ಎರಡು ಚೂರುಗಳು ಅವರ ಎಲೆಅಡಿಕೆ ಚೀಲದಲ್ಲಿ ಜಪಮಾಲೆಯ ಜೊತೆ ಇವೆ. ಬೆರಳೂ ಉಳಿದಿದೆ.

ಸಿಸ್ಟರ್ ಕೇಳಿದ ಪ್ರಶ್ನೆಯೂ ಯೇಸುಸ್ವಾಮಿ ಊಟದ ಮನೆಯಲ್ಲಿ ಕೇಳಿದ ಪ್ರಶ್ನೆಯ ಜಾತಿಯದೇ. ಸಬ್ಬತ್ತನ್ನು ಯೇಸು ತಳ್ಳಿಹಾಕಲಿಲ್ಲ, ಹಗುರ ಮಾಡಲಿಲ್ಲ. ಅದು ಯಾರಿಗಾಗಿ ಬಂತು ಎಂದು ನೆನಪಿಸಿದರು. ಉಂಗುರವೂ ಬೆರಳಿಗಾಗಿ ಬಂತು. ಬೆರಳು ಉಂಗುರಕ್ಕಾಗಿ ಹುಟ್ಟಿದ್ದಲ್ಲ.

ಈ ಊತ ಏಕೆ ಕಾದು ನೋಡುವಂಥದ್ದಲ್ಲ ಎಂಬುದನ್ನು ಸ್ವಲ್ಪ ತಿಳಿದುಕೊಳ್ಳೋಣ. ಬೆರಳಿಗೆ ರಕ್ತ ತರುವ ನಾಳಗಳ ಗೋಡೆ ಗಟ್ಟಿ, ಅವುಗಳಲ್ಲಿ ಒತ್ತಡ ಹೆಚ್ಚು. ರಕ್ತವನ್ನು ಹಿಂದಕ್ಕೆ ಒಯ್ಯುವ ನಾಳಗಳು ಮೆತ್ತಗೆ, ಅವುಗಳಲ್ಲಿ ಒತ್ತಡ ಕಡಿಮೆ. ಉಂಗುರ ಬಿಗಿದಾಗ ಮೊದಲು ಮುಚ್ಚಿಹೋಗುವುದು ಈ ಮೆತ್ತಗಿನವು. ರಕ್ತ ಒಳಗೆ ಬರುತ್ತಲೇ ಇರುತ್ತದೆ, ಹೊರಗೆ ಹೋಗಲು ದಾರಿಯಿಲ್ಲ. ಬೆರಳು ಇನ್ನೂ ಊದುತ್ತದೆ, ಊದಿದಷ್ಟೂ ಉಂಗುರ ಬಿಗಿಯುತ್ತದೆ. ಹಾಗೇ ಬಿಟ್ಟರೆ ಒಂದು ಹಂತದಲ್ಲಿ ರಕ್ತ ತರುವ ನಾಳವೂ ಮುಚ್ಚುತ್ತದೆ. ಆಮೇಲೆ ಬೆರಳು ಸಾಯಲು ಆರಂಭಿಸುತ್ತದೆ. ಆದ್ದರಿಂದ ನಾಳೆ ಬೆಳಿಗ್ಗೆ ನೋಡೋಣ ಎನ್ನುವ ಮಾತಿಗೆ ಇಲ್ಲಿ ಜಾಗವಿಲ್ಲ. ನಮ್ಮ ಮಲೆಯವರಿಗಂತೂ ಇಲ್ಲವೇ ಇಲ್ಲ. ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲಕ್ಕೆ ಹೋಗಬೇಕು, ಇಲ್ಲವೇ ಗಡಿ ದಾಟಿ ಚಾಮರಾಜನಗರಕ್ಕೆ ಹೋಗಬೇಕು. ಕತ್ತಲಾದ ಮೇಲೆ ಎರಡೂ ದೂರ.

ಹಿಂದಿನವರು ಎಡಗೈಯ ನಾಲ್ಕನೆಯ ಬೆರಳಿನಿಂದ ನೇರ ಹೃದಯಕ್ಕೆ ಹೋಗುವ ಒಂದು ನಾಳವಿದೆ, ಅದಕ್ಕೇ ಮದುವೆಯ ಉಂಗುರ ಆ ಬೆರಳಿಗೆ ಎಂದು ನಂಬಿದ್ದರು. ಏಳನೆಯ ಶತಮಾನದ ಸಂತ ಇಸಿದೋರರೂ ಹಾಗೇ ಬರೆದಿದ್ದಾರೆ. ಅಂಥ ವಿಶೇಷ ನಾಳ ಯಾವುದೂ ಇಲ್ಲ ಎಂದು ವೈದ್ಯರು ಹೇಳುತ್ತಾರೆ. ಎಲ್ಲ ಬೆರಳಿನ ರಕ್ತವೂ ಹೃದಯಕ್ಕೇ ಹೋಗುತ್ತದೆ. ಆದರೂ ಆ ಹಳೆಯ ನಂಬಿಕೆ ನನಗೆ ಇಷ್ಟ. ಹೃದಯಕ್ಕೆ ಹೋಗುವ ದಾರಿಯ ಗುರುತಾಗಿ ಹಾಕಿದ ಉಂಗುರವೇ ಆ ದಾರಿಯನ್ನು ಮುಚ್ಚುತ್ತಿದ್ದರೆ, ಮೊದಲು ತೆಗಿ ಎನ್ನುವವರು ಆ ಸಂತರೇ ಆಗಿರುತ್ತಿದ್ದರು.

ಮನೆಯಲ್ಲೇ ಮಾಡಬಹುದಾದದ್ದನ್ನು ಸಿಸ್ಟರ್ ಹೇಳಿಕೊಟ್ಟಂತೆ ಬರೆಯುತ್ತೇನೆ. ಶುಭಸಂದೇಶದ ಪುಟದಲ್ಲಿ ಸೋಪಿನ ಮಾತೇಕೆ ಎಂದು ಯಾರೂ ಮುಖ ಸಿಂಡರಿಸಬೇಡಿ. ಯೇಸುಸ್ವಾಮಿ ಕುರುಡನ ಕಣ್ಣಿಗೆ ಮಣ್ಣು ಕಲಸಿ ಹಚ್ಚಿದವರು.

ಬೆರಳಿಗೆ ಬಣ್ಣ ಇನ್ನೂ ಇದ್ದು, ಮುಟ್ಟಿದ್ದು ತಿಳಿಯುತ್ತಿದ್ದರೆ ಮೊದಲು ಕೈಯನ್ನು ಎದೆಗಿಂತ ಎತ್ತರಕ್ಕೆ ಎತ್ತಿ ಐದು ಹತ್ತು ನಿಮಿಷ ಹಿಡಿಯಿರಿ. ನಡುವೆ ತಣ್ಣೀರಿನಲ್ಲಿ ಅದ್ದಿ. ಆಮೇಲೆ ಸೋಪು, ಕೊಬ್ಬರಿ ಎಣ್ಣೆ, ವ್ಯಾಸಲಿನ್, ಕೈಗೆ ಸಿಕ್ಕಿದ್ದನ್ನು ಹಚ್ಚಿ, ಉಂಗುರವನ್ನು ನೇರ ಎಳೆಯದೆ ಆ ಕಡೆ ಈ ಕಡೆ ತಿರುಗಿಸುತ್ತ ಸರಿಸಿ. ಜೋರಾಗಿ ಎಳೆದರೆ ಗೆಣ್ಣಿನ ಹತ್ತಿರ ಚರ್ಮ ಮಡಿಚಿ ಇನ್ನಷ್ಟು ಊದುತ್ತದೆ. ಗಂಡಸರು ಮಾಡುವ ತಪ್ಪು ಇದು: ಬಾವಿ ಹಗ್ಗ ಎಳೆದಂತೆ ಎಳೆಯುತ್ತಾರೆ.

ಅದಕ್ಕೂ ಬಾರದಿದ್ದರೆ ದಾರದ ಉಪಾಯವಿದೆ. ನಯವಾದ ಗಟ್ಟಿ ದಾರ ಎರಡು ಮೊಳ ಬೇಕು. ಒಂದು ತುದಿಯನ್ನು ಉಂಗುರದ ಅಡಿಯಿಂದ ಅಂಗೈ ಕಡೆಗೆ ತೂರಿಸಿ, ಗೇಣುದ್ದ ಆ ಕಡೆ ಬಿಡಿ. ಉಳಿದ ಉದ್ದ ದಾರವನ್ನು ಉಂಗುರಕ್ಕೆ ತಾಗಿದಂತೆ ಸುತ್ತಲು ಆರಂಭಿಸಿ ಉಗುರಿನ ಕಡೆಗೆ ಹೋಗಿ. ಸುತ್ತಿಗೆ ಸುತ್ತು ಅಂಟಿಕೊಂಡಿರಲಿ, ನಡುವೆ ಚರ್ಮ ಉಬ್ಬಿ ಇಣುಕಬಾರದು. ಗೆಣ್ಣು ದಾಟುವ ತನಕ ಸುತ್ತಿ. ಆಮೇಲೆ ಅಂಗೈ ಕಡೆ ಬಿಟ್ಟ ತುದಿಯನ್ನು ಹಿಡಿದು, ಸುತ್ತಿದ ದಿಕ್ಕಿನಲ್ಲೇ ಉಗುರಿನ ಕಡೆಗೆ ನಿಧಾನ ಬಿಚ್ಚುತ್ತ ಬನ್ನಿ. ಒಂದೊಂದು ಸುತ್ತು ಬಿಚ್ಚಿದಂತೆ ಉಂಗುರ ಒಂದೊಂದು ದಾರದಷ್ಟು ಮುಂದೆ ಸರಿಯುತ್ತದೆ. ಗೆಣ್ಣು ದಾಟಿದರೆ ಮುಗಿಯಿತು. ನೋವು ತಡೆಯಲಾಗದಿದ್ದರೆ ಅಲ್ಲೇ ನಿಲ್ಲಿಸಿ ದಾರ ಬಿಚ್ಚಿಬಿಡಿ. ಗಾಯವಿದ್ದರೆ, ಮೂಳೆ ಮುರಿದಿರಬಹುದು ಎನಿಸಿದರೆ ಈ ಉಪಾಯಕ್ಕೆ ಕೈಹಾಕಬೇಡಿ.

ಬೆರಳು ನೀಲಿಯಾದರೆ, ಬೆಳ್ಳಗೆ ತಣ್ಣಗಾದರೆ, ಜೋಮು ಹಿಡಿದು ಮುಟ್ಟಿದ್ದು ತಿಳಿಯದಿದ್ದರೆ ಇದು ಯಾವುದೂ ಬೇಡ. ನೇರ ಆಸ್ಪತ್ರೆ. ಅಲ್ಲಿ ಉಂಗುರ ಕತ್ತರಿಸುವ ಸಣ್ಣ ಉಪಕರಣವಿರುತ್ತದೆ. ತೆಳ್ಳಗಿನ ಒಂದು ತಗಡು ಉಂಗುರದ ಅಡಿಗೆ ಹೋಗಿ ಚರ್ಮವನ್ನು ಕಾಯುತ್ತದೆ, ಮೇಲೆ ಹಲ್ಲಿನ ಪುಟ್ಟ ಚಕ್ರವನ್ನು ಕೈಯಿಂದ ತಿರುಗಿಸುತ್ತಾರೆ. ಚಿನ್ನ ಮೆತ್ತಗಿನ ಲೋಹ, ಕೆಲವೇ ನಿಮಿಷದ ಕೆಲಸ. ಅಗ್ನಿಶಾಮಕ ದಳದವರೂ ಈ ಕೆಲಸ ಮಾಡುತ್ತಾರೆ, 101ಕ್ಕೆ ಕರೆ ಮಾಡಬಹುದು. ಬೆಂಗಳೂರು, ತಿರುಪ್ಪೂರು ಕಡೆ ದುಡಿಯುವ ನಮ್ಮ ಹುಡುಗರು ಈಚೆಗೆ ಸ್ಟೀಲ್, ಟೈಟಾನಿಯಮ್, ಟಂಗ್‌ಸ್ಟನ್ ಉಂಗುರ ಹಾಕಿಕೊಳ್ಳುತ್ತಿದ್ದಾರೆ. ಅವು ಈ ಚಕ್ರಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಟಂಗ್‌ಸ್ಟನ್ ಆದರೆ ಕತ್ತರಿಸುವುದಲ್ಲ, ಇಕ್ಕಳದಲ್ಲಿ ಹದವಾಗಿ ಒತ್ತಿ ಒಡೆಯಬೇಕು. ಯಾವ ಲೋಹದ್ದು ಎಂದು ಡಾಕ್ಟರಿಗೆ ಮೊದಲೇ ಹೇಳಿ.

ಇನ್ನು ಕತ್ತರಿಸುವ ಭಯದ ಮಾತು.

ಉಂಗುರ ತುಂಡಾದರೆ ಗಂಡನಿಗೆ ಕೇಡು, ಮನೆ ಒಡೆಯುತ್ತದೆ, ದೇವರ ಮುಂದೆ ಕೊಟ್ಟ ಮಾತು ಮುರಿದಂತೆ. ಇದನ್ನು ನಾನು ಮೂರು ಭಾಷೆಯಲ್ಲಿ ಕೇಳಿದ್ದೇನೆ. ನಮ್ಮ ಧರ್ಮಕ್ಷೇತ್ರದಲ್ಲಿ ನಾವು ಉಂಗುರ ಎನ್ನುತ್ತೇವೆ, ತಮಿಳಿನವರು ಮೋದಿರ ಎನ್ನುತ್ತಾರೆ, ಮಲಯಾಳದವರು ಮೋದಿರಂ. ಭಯ ಮಾತ್ರ ಅನುವಾದವಿಲ್ಲದೆ ಎಲ್ಲ ಮನೆಗೂ ಹೋಗುತ್ತದೆ. ಮದುವೆಯ ಗುರುತುಗಳು ನಮ್ಮ ನಮ್ಮಲ್ಲೇ ಬೇರೆ ಬೇರೆ ಎಂಬುದನ್ನು ಗಮನಿಸಿ. ಒಬ್ಬರಿಗೆ ತಾಳಿ ಮುಖ್ಯ, ಸಿರಿಯನ್ ಸಂಪ್ರದಾಯದ ಮಲಯಾಳಿ ಸಹೋದರಿಯರಿಗೆ ಪುಟ್ಟ ಶಿಲುಬೆಯಿರುವ ಮಿನ್ನು, ಮಂಗಳೂರು ಮೂಲದವರಿಗೆ ಕರಿಮಣಿ. ಆಯಾ ನಾಡಿನ ಒಳ್ಳೆಯ ವಿವಾಹ ಪದ್ಧತಿಗಳನ್ನು ಉಳಿಸಿಕೊಳ್ಳಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲೇ ಬಯಸಿತು. ಗುರುತುಗಳು ಇಷ್ಟು ಬಗೆ ಇದ್ದರೂ ಸಂಸ್ಕಾರ ಒಂದೇ.

ಹಾಗಾದರೆ ಮದುವೆಯನ್ನು ಮದುವೆಯಾಗಿಸುವುದು ಯಾವುದು? ಧರ್ಮಸಭೆಯ ಕಾನೂನಿನ 1057ನೇ ವಿಧಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ಇಬ್ಬರೂ ಮನಸಾರೆ ಕೊಡುವ ಸಮ್ಮತಿಯೇ ವಿವಾಹವನ್ನು ಉಂಟುಮಾಡುತ್ತದೆ, ಅದರ ಜಾಗದಲ್ಲಿ ಇನ್ನೊಂದನ್ನು ತಂದು ಇಡುವ ಅಧಿಕಾರ ಯಾವ ಮನುಷ್ಯನಿಗೂ ಇಲ್ಲ. ಆ ಸಮ್ಮತಿ ಕೊಟ್ಟಾದ ಮೇಲೆ ಉಂಗುರಗಳನ್ನು ಆಶೀರ್ವದಿಸುತ್ತೇವೆ. ಪೂಜೆಯ ಕ್ರಮದಲ್ಲೇ ಅದು ಎರಡನೆಯದು. ನಮ್ಮ ಕಚೇರಿಯಲ್ಲಿ ವಿವಾಹಗಳ ದೊಡ್ಡ ಪುಸ್ತಕವಿದೆ. ನಿಮ್ಮ ಹೆಸರು, ಸಾಕ್ಷಿಗಳ ಹೆಸರು, ತಾರೀಖು, ಸ್ಥಳ ಎಲ್ಲ ಬರೆದಿಟ್ಟಿದ್ದೇವೆ. ಉಂಗುರದ ತೂಕ ಬರೆಯಲು ಅದರಲ್ಲಿ ಅಂಕಣವಿಲ್ಲ.

ಮತ್ತಾಯರ ಶುಭಸಂದೇಶದ 23ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಇದೇ ಬಗೆಯ ತಲೆಕೆಳಗಾದ ಲೆಕ್ಕವನ್ನು ಗದರಿಸುತ್ತಾರೆ. ದೇವಾಲಯದ ಮೇಲೆ ಆಣೆಯಿಟ್ಟರೆ ಪರವಾಗಿಲ್ಲ, ದೇವಾಲಯದ ಚಿನ್ನದ ಮೇಲೆ ಆಣೆಯಿಟ್ಟರೆ ಮಾತ್ರ ನಡೆಸಬೇಕು ಎಂದು ಬೋಧಿಸುತ್ತಿದ್ದವರಿಗೆ, ಚಿನ್ನ ದೊಡ್ಡದೋ, ಆ ಚಿನ್ನವನ್ನು ಪಾವನ ಮಾಡಿದ ದೇವಾಲಯ ದೊಡ್ಡದೋ ಎಂದು ಕೇಳುತ್ತಾರೆ. ಪವಿತ್ರ ಗುರುತುಗಳಿಗೆ ಅವುಗಳಷ್ಟಕ್ಕೇ ಮಂತ್ರಶಕ್ತಿ ಇದೆ ಎಂದು ನಂಬುವುದು ಮೂಢನಂಬಿಕೆ ಎಂದು ಹೇಳುವಾಗ ಧರ್ಮೋಪದೇಶ ಗ್ರಂಥವೂ ಇದೇ ಭಾಗದ ಕಡೆಗೆ ಬೆರಳು ತೋರಿಸುತ್ತದೆ. ಕೈಗೆ ಹಾಕಿದ ಚಿನ್ನವನ್ನು ಪಾವನ ಮಾಡಿದ್ದು ನಿಮ್ಮಿಬ್ಬರ ಮಾತು ಮತ್ತು ದೇವರ ಅನುಗ್ರಹ. ಚಿನ್ನವು ನಿಮ್ಮ ಮಾತನ್ನು ಪಾವನ ಮಾಡಲಿಲ್ಲ.

ಧರ್ಮಸಭೆ ಉಂಗುರದ ಮೇಲೆ ಉಳಿಯೂರಲು ಹೆದರುವುದಿಲ್ಲ. ಪೋಪ್ ಜಗದ್ಗುರುಗಳು ಧರಿಸುವ ಬೆಸ್ತರ ಉಂಗುರವನ್ನು ಅವರ ಅಧಿಕಾರಾವಧಿ ಮುಗಿದಾಗ ಗೀರಿ ಕೆಡಿಸುವ ಪದ್ಧತಿಯಿದೆ. 2013ರಲ್ಲಿ 16ನೇ ಬೆನೆಡಿಕ್ಟರ ಉಂಗುರಕ್ಕೆ ಶಿಲುಬೆಯಾಕಾರದ ಗೀರು ಹಾಕಿದರು, 2025ರಲ್ಲಿ ಫ್ರಾನ್ಸಿಸರ ಉಂಗುರವನ್ನೂ ಹಾಗೆಯೇ ರದ್ದುಮಾಡಿದರು. ಅಲ್ಲಿ ಕೆಲಸವೊಂದು ಮುಗಿದ ಗುರುತಿಗೆ ಹಾಗೆ ಮಾಡುತ್ತಾರೆ. ನಿಮ್ಮ ಉಂಗುರ ಕತ್ತರಿಸಿದರೆ ಏನೂ ಮುಗಿಯುವುದಿಲ್ಲ, ಆ ವ್ಯತ್ಯಾಸ ಇದ್ದೇ ಇದೆ. ಆದರೆ ಕಾರಣವಿದ್ದಾಗ ಪವಿತ್ರ ಲೋಹಕ್ಕೂ ಉಳಿ ತಾಗಿಸಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಬೇಕಿಲ್ಲ.

ಕತ್ತರಿಸಿದ ಉಂಗುರವನ್ನು ಆಚಾರಿಯ ಹತ್ತಿರ ಒಯ್ದರೆ ಬೆಸುಗೆ ಹಾಕಿ, ಬೇಕಾದರೆ ಒಂದೆರಡು ಅಳತೆ ದೊಡ್ಡದು ಮಾಡಿಕೊಡುತ್ತಾರೆ. ಎಷ್ಟು ಚಿನ್ನ ಹೋಗುತ್ತೆ ಎಂದು ಮೊದಲು ಕೇಳುವ ಗಂಡಂದಿರಿಗೆ: ಗರಗಸದ ಹಲ್ಲಿಗೆ ಹೋಗುವ ಪುಡಿ ಅಷ್ಟೇ. ಆ ಪ್ರಶ್ನೆಯನ್ನು ಹೆಂಡತಿಯ ಕಿವಿಗೆ ಬೀಳದಂತೆ ಕೇಳಿ. ಬೆಸುಗೆಯಾದ ಉಂಗುರವನ್ನು ನನ್ನ ಹತ್ತಿರ ತನ್ನಿ, ಪ್ರಾರ್ಥಿಸಿ ಆಶೀರ್ವದಿಸಿ ಕೊಡುತ್ತೇನೆ. ಮರುಮದುವೆ ಬೇಡ, ಸಾಕ್ಷಿಗಳು ಬೇಡ, ಕಾಣಿಕೆಯೂ ಬೇಡ. ಕೀಲುವಾತದಿಂದ ಗೆಣ್ಣು ದಪ್ಪವಾದವರಿಗೆ ಮತ್ತೆ ಹಾಕಿಕೊಳ್ಳಲು ಆಗದಿರಬಹುದು. ಸರದಲ್ಲಿ ಪೋಣಿಸಿಕೊಳ್ಳಿ, ಬೈಬಲ್ಲಿನ ಜೊತೆ ಇಡಿ, ಮೊಮ್ಮಗುವಿನ ದೀಕ್ಷಾಸ್ನಾನಕ್ಕೆ ಪುಟ್ಟ ಶಿಲುಬೆ ಮಾಡಿಸಿ. ಯಾವುದರಲ್ಲೂ ಅಪಚಾರವಿಲ್ಲ.

ಲೂಕರ ಶುಭಸಂದೇಶದಲ್ಲಿ ಜಲೋದರದವನ ಮರು ಅಧ್ಯಾಯದಲ್ಲೇ ಇನ್ನೊಂದು ಉಂಗುರ ಬರುತ್ತದೆ, ದುಂದುಗಾರ ಮಗನ ಕೈಗೆ ತಂದೆ ಹಾಕಿಸಿದ ಉಂಗುರ. ಓದಿದವರು ಕ್ರಮ ಗಮನಿಸಿ. ತಂದೆ ದೂರದಿಂದಲೇ ಕಂಡು ಓಡಿಬಂದು ಅಪ್ಪಿಕೊಂಡದ್ದು 20ನೇ ವಚನದಲ್ಲಿ. ಉಂಗುರ ಬಂದದ್ದು 22ರಲ್ಲಿ. ಮಗ ಉಂಗುರವಿಲ್ಲದ ಬರಿಗೈಯಲ್ಲಿ ಬಂದಾಗಲೂ ಮಗನೇ ಆಗಿದ್ದ.

ಬಸುರಿಯರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಬಸಿರಿನಲ್ಲಿ ಕೈಕಾಲು ಸ್ವಲ್ಪ ಊದುವುದು ಸಹಜ. ಆದ್ದರಿಂದ ಉಂಗುರ, ಕಾಲುಂಗುರ ಸಲೀಸಾಗಿ ಬರುವಾಗಲೇ ತೆಗೆದಿಡಿ. ಅತ್ತೆಯಂದಿರೇ, ಸೊಸೆಯ ಬರಿ ಬೆರಳನ್ನು ನೋಡಿ ಮುಖ ದಪ್ಪ ಮಾಡಬೇಡಿ. ಆದರೆ ಐದು ತಿಂಗಳು ಕಳೆದ ಮೇಲೆ ಕೈ ಮತ್ತು ಮುಖ ಇದ್ದಕ್ಕಿದ್ದಂತೆ ಊದಿ, ಜೊತೆಗೆ ತಲೆನೋವು, ಕಣ್ಣು ಮಂಜಾಗುವುದು, ಎದೆಯ ಕೆಳಗೆ ನೋವು ಕಂಡರೆ ಅದು ರಕ್ತದೊತ್ತಡ ಏರಿದ ಗುರುತಾಗಿರಬಹುದು. ಅಂಥ ಹೊತ್ತಿನಲ್ಲಿ ಉಂಗುರದ ಚಿಂತೆ ಬಿಟ್ಟು ತಾಯಿಯನ್ನೂ ಮಗುವನ್ನೂ ಉಳಿಸಲು ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ, 108ಕ್ಕೆ ಕರೆ ಮಾಡಿ. ಬಿಗಿದ ಉಂಗುರ ಕೆಲವು ಸಲ ಮೈ ಕೊಡುವ ಮೊದಲ ಎಚ್ಚರಿಕೆ. ಮೂತ್ರಪಿಂಡ, ಹೃದಯದ ತೊಂದರೆ ಇರುವವರಿಗೂ ಹಾಗೇ. ಏನೂ ಪೆಟ್ಟಾಗದೆ ಎರಡೂ ಕೈ ಊದಿದರೆ ಉಂಗುರ ತೆಗೆದು ಸುಮ್ಮನಾಗಬೇಡಿ, ಏಕೆ ಊದಿತು ಎಂದು ತೋರಿಸಿಕೊಳ್ಳಿ.

ಕೊನೆಗೆ, ಬರೆಯಲು ಮನಸ್ಸಿಲ್ಲದ, ಬರೆಯದಿರಲು ಆಗದ ವಿಷಯ. ಬಾಗಿಲಿಗೆ ಸಿಕ್ಕಿತು ಎಂದು ಹೇಳಿದ ಬೆರಳುಗಳೆಲ್ಲ ಬಾಗಿಲಿಗೆ ಸಿಕ್ಕಿದವಲ್ಲ. ಔಷಧಾಲಯದ ಸಿಸ್ಟರಿಗೂ ಗೊತ್ತು, ಪಕ್ಕದ ಮನೆಯವರಿಗೂ ಗೊತ್ತು. ಕುಡಿದು ಬಂದು ಕೈ ತಿರುಚಿದವನು ಹಾಕಿದ ಉಂಗುರವೇ ಆ ಊದಿದ ಬೆರಳಿನಲ್ಲಿ ಬಿಗಿದಿರುತ್ತದೆ. ಅವಳು ಉಂಗುರ ಕತ್ತರಿಸಲು ಹೆದರುತ್ತಾಳೆ, ಮನೆಗೆ ಹೋಗಲೂ ಹೆದರುತ್ತಾಳೆ. ಸಹಿಸಿಕೋ ಮಗಳೇ, ನಿನ್ನ ಶಿಲುಬೆ ಅದು ಎಂದು ಯೇಸುಸ್ವಾಮಿಯ ಹೆಸರಿನಲ್ಲಿ ಹೇಳುವವರು ನಮ್ಮಲ್ಲಿದ್ದಾರೆ. ಅವರು ದಯವಿಟ್ಟು ಲೂಕರ 13ನೇ ಅಧ್ಯಾಯ ತೆರೆಯಲಿ. ಹದಿನೆಂಟು ವರ್ಷ ಗೂನಿಯಾಗಿದ್ದ ಹೆಂಗಸನ್ನು ಸಬ್ಬತ್‌ದಿನವೇ ಯೇಸು ಬಿಡಿಸುತ್ತಾರೆ. ಅವಳನ್ನು ಬಿಡಿಸಿದ್ದಕ್ಕೆ ಲೂಕರು ಬಳಸುವ ಗ್ರೀಕ್ ಕ್ರಿಯಾಪದವನ್ನೇ ಜಲೋದರದವನನ್ನು ಕಳುಹಿಸಿದ್ದಕ್ಕೂ ಬಳಸುತ್ತಾರೆ. ಎತ್ತು ಕತ್ತೆಗಳನ್ನು ಸಬ್ಬತ್‌ದಿನ ಗೋದಲಿಯಿಂದ ಬಿಚ್ಚಿ ನೀರಿಗೆ ಹೊಡೆಯುವವರು ಈಕೆಯ ಕಟ್ಟು ಬಿಚ್ಚಿದರೆ ಏಕೆ ಸಿಡುಕುತ್ತೀರಿ ಎನ್ನುತ್ತಾರೆ.

ವಿವಾಹದ ಬಂಧನ ಬಿಡಿಸಲಾಗದ್ದು ಎಂದು ಧರ್ಮಸಭೆ ಬೋಧಿಸುತ್ತದೆ, ನಾನೂ ಅದನ್ನೇ ಬೋಧಿಸುತ್ತೇನೆ. ಅದೇ ಧರ್ಮಸಭೆಯ ಕಾನೂನಿನ 1153ನೇ ವಿಧಿ, ಸಂಗಾತಿಯಿಂದ ದೇಹಕ್ಕೋ ಆತ್ಮಕ್ಕೋ ಗಂಭೀರ ಅಪಾಯವಿದ್ದರೆ ಬೇರೆಯಾಗಿ ಬಾಳಲು ನ್ಯಾಯವಾದ ಕಾರಣವಿದೆ ಎನ್ನುತ್ತದೆ. ತಡಮಾಡಿದರೆ ಅಪಾಯ ಎನ್ನುವಂತಿದ್ದರೆ ಯಾರ ಆಜ್ಞೆಗೂ ಕಾಯದೆ ಹೊರಡಬಹುದು ಎಂದೂ ಹೇಳುತ್ತದೆ. ಪೋಪ್ ಫ್ರಾನ್ಸಿಸರು 2016ರಲ್ಲಿ ಕುಟುಂಬದ ಬಗ್ಗೆ ಬರೆದ ಪ್ರಬೋಧನಾ ಪತ್ರದಲ್ಲಿ, ದುರ್ಬಲ ಸಂಗಾತಿಯನ್ನೂ ಮಕ್ಕಳನ್ನೂ ಕಾಪಾಡಲು ಬೇರೆಯಾಗುವುದು ಕೆಲವೊಮ್ಮೆ ನೈತಿಕವಾಗಿಯೇ ಅಗತ್ಯ ಎಂದರು. ದೇಶದ 2005ರ ಕಾನೂನೂ ಮನೆಯೊಳಗಿನ ಹಿಂಸೆಯ ವಿರುದ್ಧ ಹೆಂಗಸರ ಪರ ನಿಂತಿದೆ. 181 ಮಹಿಳಾ ಸಹಾಯವಾಣಿಗೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು. ಗುರುಮನೆಯ ಬಾಗಿಲನ್ನೂ ಕನ್ಯಾಮಠದ ಬಾಗಿಲನ್ನೂ ರಾತ್ರಿಯಾದರೂ ತಟ್ಟಬಹುದು. ಏನಾಯಿತು ಎಂದು ಮೊದಲು ಕೇಳುವುದಿಲ್ಲ, ಬೆರಳು ನೋಡುತ್ತೇವೆ.

ಗಂಡಸರಿಗೆ ಒಂದೇ ಕೋರಿಕೆ. ಹೆಂಡತಿಯ ಬೆರಳು ಊದಿದರೆ, ಕತ್ತರಿಸಿ ಎಂದು ಡಾಕ್ಟರಿಗೆ ಮೊದಲು ಹೇಳುವವರು ನೀವಾಗಿರಿ. ಅವಳ ಬಾಯಿಂದ ಆ ಮಾತು ಬರಲಿ ಎಂದು ಕಾಯಬೇಡಿ. ಹಾಕಿದವರು ನೀವು, ನಿಮ್ಮ ಒಂದು ಮಾತಿಗೆ ಅವಳ ಅರ್ಧ ಭಯ ಇಳಿಯುತ್ತದೆ.

ಮುಂದಿನ ಭಾನುವಾರ ಕನ್ನಡ ಪೂಜೆ ಮುಗಿದ ಮೇಲೆ ಸಭಾಂಗಣದಲ್ಲಿ ಸಿಸ್ಟರ್ ದಾರದ ಉಪಾಯವನ್ನು ಮಾಡಿ ತೋರಿಸುತ್ತಾರೆ. ತಮಿಳು ಪೂಜೆಯ ನಂತರ ಅವರಿಗಾಗಿ ಇನ್ನೊಮ್ಮೆ. ಉಂಗುರ ಬಿಗಿಯಾಗಿದ್ದು ಇಷ್ಟು ದಿನ ಹೇಳದೆ ಇರುವವರು ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಿ. ದಾರದ ಉಂಡೆ ಮನೆಯಿಂದ ತನ್ನಿ, ಸೋಪು ಮತ್ತು ತಣ್ಣೀರಿನ ಬಕೆಟ್ ನಾವು ಇಟ್ಟಿರುತ್ತೇವೆ.